ಕೆರೆ, ಹಂಡೆ, ಒಲೆ

ದೀಪಾವಳಿಗೆ ಇನ್ನು ನಾಲ್ಕು ದಿನ ಇತ್ತು. ಬಚ್ಚಲಿನ ಎದುರಿನ ಕಲ್ಲಿನ ಮೇಲೆ ಹಂಡೆಯನ್ನು ಕವುಚಿ ಹಾಕಿಕೊಂಡು, ಹುಣಸೆಹಣ್ಣು, ಬೂದಿ, ತೆಂಗಿನ ನಾರು ಹಿಡಿದು ತಿಕ್ಕುತ್ತ ಕೂತಿದ್ದೆ. ಆಗಲೇ ಫೋನು ಬಂತು. ಅಮೆರಿಕದ ಮಿಷಿಗನ್‌ನಲ್ಲಿರುವ ತಮ್ಮನ ಮಗಳದು.

"ಅತ್ತೆ, ಈ ವಾರ ಉಸಿರು ಬಿಡಲಿಕ್ಕೂ ಪುರುಸೊತ್ತಿಲ್ಲ. ಹಿತ್ತಲಿನ ಈಜುಕೊಳ ಮುಚ್ಚಬೇಕು. ಬಿಸಿನೀರಿನ ತೊಟ್ಟಿ ಖಾಲಿ ಮಾಡಿ ತೊಳೆಯಬೇಕು. ಹಿಮ ಬೀಳುವ ಮೊದಲು ಬೆಂಕಿಗೂಡಿನ ಚಿಮಣಿ ಗುಡಿಸುವವನನ್ನು ಕರೆಸಬೇಕು" ಎಂದಳು.

"ನಿನ್ನದೂ ನನ್ನದೂ ಒಂದೇ ಕತೆ ಮಾರಾಯ್ತಿ. ನಾನು ಹಂಡೆ ತಿಕ್ಕುತ್ತ ಇದ್ದೇನೆ" ಎಂದೆ. ಅವಳು ನಕ್ಕಳು. ಆದರೆ ನಾನು ತಮಾಷೆಗೆ ಹೇಳಿದ್ದಲ್ಲ.

ಅವಳ ಊರಿನಲ್ಲಿ ಚಳಿಗಾಲಕ್ಕೆ ಮೊದಲು ಕೊಳದ ಪೈಪುಗಳ ನೀರನ್ನು ಪೂರ್ತಿ ಹೊರಹಾಕಬೇಕಂತೆ. ನೀರು ಹೆಪ್ಪುಗಟ್ಟುವಾಗ ನೂರಕ್ಕೆ ಸುಮಾರು 9 ಪಾಲು ಹಿಗ್ಗುತ್ತದೆ. ಪೈಪಿನೊಳಗೆ ಉಳಿದರೆ ಪೈಪನ್ನೇ ಒಡೆಯುತ್ತದೆ. ಚಿಮಣಿಯ ಕತೆಯೂ ಹಾಗೆಯೇ. ಸೌದೆಯ ಹೊಗೆ ತಣ್ಣಗಿನ ಗೋಡೆಗೆ ತಾಗಿ ಡಾಂಬರಿನ ಹಾಗೆ ಅಂಟಿಕೊಳ್ಳುತ್ತದೆ. ವರ್ಷಕ್ಕೊಮ್ಮೆ ಕೆರೆದು ತೆಗೆಯದಿದ್ದರೆ ಒಂದು ದಿನ ಆ ಅಂಟಿಗೇ ಬೆಂಕಿ ಹಿಡಿದು ಮನೆ ಸುಡಬಹುದು. ಅದಕ್ಕಾಗಿ ಅಲ್ಲಿಯವರು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡು ಈ ಕೆಲಸ ಮಾಡುತ್ತಾರೆ.

ನಮ್ಮಲ್ಲಿಯೂ ಅಂಥದೊಂದು ಕ್ಯಾಲೆಂಡರು ಇತ್ತು. ಹೆಸರುಗಳು ಮಾತ್ರ ಬೇರೆ. ಈಜುಕೊಳಕ್ಕೆ ಬದಲು ಕೆರೆ, ಬಿಸಿನೀರಿನ ತೊಟ್ಟಿಗೆ ಬದಲು ಹಂಡೆ, ಬೆಂಕಿಗೂಡಿಗೆ ಬದಲು ಬಚ್ಚಲೊಲೆ. ಆ ಕ್ಯಾಲೆಂಡರನ್ನು ಒಮ್ಮೆ ನಾನೇ ಗೋಡೆಯಿಂದ ಕಿತ್ತುಹಾಕಿದ್ದೆ. ಅದರ ಬೆಲೆ ಏನಾಗುತ್ತಿತ್ತು ಎಂಬುದನ್ನು ನಿಮಗೆ ಹೇಳಬೇಕು ಅನ್ನಿಸಿ ಇದನ್ನು ಬರೆಯುತ್ತಿದ್ದೇನೆ.

ನಮ್ಮ ಮನೆ ತೋಡಾರಿನಲ್ಲಿ. ಮಂಗಳೂರಿನಿಂದ ಮೂಡುಬಿದಿರೆಗೆ ಬರುವವರು ಗಂಜಿಮಠ, ಎಡಪದವು, ಮಿಜಾರು ದಾಟಿದರೆ ತೋಡಾರು. ಮೊದಲು ಹದಿಮೂರನೇ ನಂಬ್ರದ ರಾಷ್ಟ್ರೀಯ ಹೆದ್ದಾರಿ ಎನ್ನುತ್ತಿದ್ದೆವು, ಈಗ ಅದೇ ರಸ್ತೆಗೆ 169 ಎಂದು ಹೆಸರು. ಹೆದ್ದಾರಿಯಿಂದ ಮಣ್ಣಿನ ದಾರಿಯಲ್ಲಿ ಇಳಿದು ಬಂದರೆ ಅಡಿಕೆ ತೋಟ, ತೋಟದ ತಲೆಯಲ್ಲಿ ಮನೆ, ಮನೆಗೂ ತೋಟಕ್ಕೂ ನಡುವೆ ಕೆರೆ. ಮೂಡುಬಿದಿರೆಗೆ ಹದಿನೆಂಟು ಬಸದಿ, ಹದಿನೆಂಟು ದೇವಸ್ಥಾನ, ಹದಿನೆಂಟು ಕೆರೆ ಎಂದು ಹಿರಿಯರು ಲೆಕ್ಕ ಹೇಳುವುದುಂಟು. ನಮ್ಮದು ಆ ಲೆಕ್ಕಕ್ಕೆ ಬರುವ ದೊಡ್ಡ ಕೆರೆಯಲ್ಲ. 20 ಅಡಿ ಉದ್ದ, 15 ಅಡಿ ಅಗಲ, ಮುರಕಲ್ಲಿನ ಹದಿನಾಲ್ಕು ಮೆಟ್ಟಿಲು. ಮಳೆಗಾಲದಲ್ಲಿ ಎರಡಾಳು ಮುಳುಗುವಷ್ಟು ನೀರು.

ನಾನು ಮದುವೆಯಾಗಿ ಬಂದಾಗ ಈ ಮೂರರ ಯಜಮಾನಿಕೆ ಅತ್ತೆಯ ಕೈಯಲ್ಲಿತ್ತು. ಅವರು ಐದನೇ ಇಯತ್ತೆಗೆ ಶಾಲೆ ಬಿಟ್ಟವರು. ಕ್ಯಾಲೆಂಡರು ನೋಡುತ್ತಿದ್ದುದು ಏಕಾದಶಿ, ಸಂಕ್ರಮಣಕ್ಕೆ ಮಾತ್ರ. ಉಳಿದದ್ದೆಲ್ಲ ತಲೆಯಲ್ಲೇ ಇತ್ತು. ಫೆಬ್ರವರಿಯ ಕೆಡ್ಡಸದ ಮೂರು ದಿನ ಮಣ್ಣಿಗೆ ಹಾರೆ ತಾಗಿಸಬಾರದು. ಅದು ಕಳೆದ ಮೇಲೆ ಸೌದೆ ಒಡೆಸಬೇಕು. ಏಪ್ರಿಲ್ ನಡುವಿನ ಬಿಸು ಕಳೆದು ನೀರು ತಳ ಹಿಡಿದಾಗ ಕೆರೆಯ ಹೂಳು ತೆಗೆಯಬೇಕು. ಮೇ ತಿಂಗಳ ಕೊನೆಯ ಪತ್ತನಾಜೆಯೊಳಗೆ ಸೌದೆಯೆಲ್ಲ ಕೊಟ್ಟಿಗೆ ಸೇರಬೇಕು, ಬಚ್ಚಲೊಲೆಗೆ ಹೊಸ ಮಣ್ಣು ಬಳಿದಿರಬೇಕು. ಮಳೆ ನಿಂತ ಮೇಲೆ ಕೆರೆಯ ಮೆಟ್ಟಿಲಿನ ಪಾಚಿ ಕೆರೆಯಬೇಕು. ದೀಪಾವಳಿಗೆ ಹಂಡೆ ಬೆಳಗಿ ಹೊಸ ನೀರು ತುಂಬಬೇಕು. ಒಂದೊಂದಕ್ಕೂ ಅದರದ್ದೇ ವಾರ. ಆ ವಾರ ನೆಂಟರು ಬಂದರೂ ಸರಿ, ಅವರ ಕೈಗೂ ಒಂದು ಬುಟ್ಟಿ.

ನಾನು ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರು. ಮೂವತ್ತು ವರ್ಷ ಪಾಠ ಹೇಳಿ ನಿವೃತ್ತಳಾದವಳು. ಶುರುವಿನಲ್ಲಿ ಅತ್ತೆಯ ಈ ನಿಯಮಗಳೆಲ್ಲ ನನಗೆ ಹಳೆಯ ಕಾಲದ ಹಟ ಎಂದೇ ಕಂಡಿದ್ದವು. ನೋಡುತ್ತ ಹೋದ ಹಾಗೆ ಒಂದೊಂದರ ಹಿಂದೆಯೂ ನನ್ನ ಪಾಠಪುಸ್ತಕದ ಒಂದೊಂದು ಅಧ್ಯಾಯ ಇದೆ ಎಂದು ತಿಳಿಯಿತು.

ಹಂಡೆಯನ್ನೇ ನೋಡಿ. ತಾಮ್ರ ಗಾಳಿಗೆ, ತೇವಕ್ಕೆ ಕಪ್ಪಾಗುತ್ತದೆ, ಹಸಿರು ಕಿಲುಬು ಹಿಡಿಯುತ್ತದೆ. ಹುಣಸೆಹಣ್ಣಿನಲ್ಲಿರುವ ಟಾರ್ಟಾರಿಕ್ ಆಮ್ಲ ಆ ಕಿಲುಬನ್ನು ಕರಗಿಸುತ್ತದೆ. ಬೂದಿ ನುಣ್ಣಗಿನ ಪುಡಿಯಾದ್ದರಿಂದ ಜಿಡ್ಡನ್ನು ಉಜ್ಜಿ ತೆಗೆಯುತ್ತದೆ, ಜತೆಗೆ ಅದರ ಕ್ಷಾರಗುಣವೂ ಕೆಲಸ ಮಾಡುತ್ತದೆ. ಆದರೆ ಎರಡನ್ನೂ ಒಟ್ಟಿಗೆ ಹಾಕಿದರೆ ಆಮ್ಲ, ಕ್ಷಾರ ಒಂದನ್ನೊಂದು ತಿಂದುಹಾಕುತ್ತವೆ. ಅದಕ್ಕೇ ಅತ್ತೆ ಮೊದಲು ಹುಣಸೆ, ತೊಳೆದ ಮೇಲೆ ಬೂದಿ ಎನ್ನುತ್ತಿದ್ದರು. ಹಂಡೆಯ ಹೊರಗಿನ ತಳದ ಮಸಿಯನ್ನು ಮಾತ್ರ ಪೂರ್ತಿ ಬೆಳ್ಳಗೆ ಮಾಡಲು ಬಿಡುತ್ತಿರಲಿಲ್ಲ. "ದಪ್ಪ ಮಸಿ ತೆಗಿ, ತೆಳು ಕಪ್ಪು ಇರಲಿ" ಎನ್ನುತ್ತಿದ್ದರು. ಕಪ್ಪು ಬಣ್ಣ ಶಾಖವನ್ನು ಚೆನ್ನಾಗಿ ಹೀರುತ್ತದೆ, ಆದರೆ ಮಸಿ ದಪ್ಪವಾದರೆ ಕಂಬಳಿ ಹೊದೆಸಿದ ಹಾಗೆ ಶಾಖವನ್ನು ತಡೆಯುತ್ತದೆ. ಇದನ್ನು ನಾನು ತರಗತಿಯಲ್ಲಿ ಹಲಗೆಯ ಮೇಲೆ ಬರೆಯುತ್ತಿದ್ದೆ, ಅವರು ಅಂಗಳದಲ್ಲಿ ಮಾಡುತ್ತಿದ್ದರು.

ಒಣ ಸೌದೆಯ ಲೆಕ್ಕ ಇನ್ನೂ ಸ್ವಾರಸ್ಯದ್ದು. ವಿದ್ಯಾರ್ಥಿಗಳು ಪೆನ್ಸಿಲು ಹಿಡಿದು ನೋಡಬಹುದು. ನಮ್ಮ ಹಂಡೆಗೆ ಸುಮಾರು 100 ಲೀಟರ್ ನೀರು. ಅದನ್ನು 25 ಡಿಗ್ರಿಯಿಂದ 45 ಡಿಗ್ರಿಗೆ ಕಾಯಿಸಲು 2,000 ಕಿಲೋ ಕ್ಯಾಲೊರಿ ಬೇಕು. ಕರೆಂಟಿನ ಲೆಕ್ಕದಲ್ಲಿ ಅದು ಸುಮಾರು 2.3 ಯೂನಿಟ್. ಚೆನ್ನಾಗಿ ಒಣಗಿದ ಒಂದು ಕಿಲೋ ಸೌದೆಯಲ್ಲಿ ಹತ್ತಿರ ಹತ್ತಿರ 4,000 ಕಿಲೋ ಕ್ಯಾಲೊರಿ ಇರುತ್ತದೆ. ಹಾಗಾದರೆ ಅರ್ಧ ಕಿಲೋ ಸಾಕಲ್ಲ? ಸಾಲದು. ತೆರೆದ ಒಲೆಯಲ್ಲಿ ಹುಟ್ಟಿದ ಶಾಖದ ಹತ್ತರಲ್ಲಿ ಒಂದು ಪಾಲು ನೀರಿಗೆ ಸೇರಿದರೆ ಪುಣ್ಯ, ಉಳಿದದ್ದು ಗಾಳಿಗೆ ಹೋಗುತ್ತದೆ. ಆಗ 5 ಕಿಲೋ ಬೇಕು. ಸೌದೆ ಹಸಿಯಾಗಿದ್ದರೆ ಅದರೊಳಗಿನ ಒಂದೊಂದು ಕಿಲೋ ನೀರು ಆವಿಯಾಗಲು 600 ಕಿಲೋ ಕ್ಯಾಲೊರಿಗೂ ಹೆಚ್ಚು ನುಂಗುತ್ತದೆ. ಹೊಗೆ ಬೇರೆ. ಪತ್ತನಾಜೆಯೊಳಗೆ ಸೌದೆ ಕೊಟ್ಟಿಗೆ ಸೇರಬೇಕು ಎಂಬ ಮಾತಿನ ಅರ್ಥ ಇಷ್ಟೇ.

ಈ ಪೋಲನ್ನು ತಪ್ಪಿಸಲೆಂದೇ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಅಮೂಲ್ಯ ರೆಡ್ಡಿಯವರು 1974ರಲ್ಲಿ ಕಟ್ಟಿದ 'ಅಸ್ತ್ರ' ಎಂಬ ವಿಭಾಗದಿಂದ ಮುಂದೆ 'ಅಸ್ತ್ರ ಒಲೆ' ಬಂತು. ಮುಚ್ಚಿದ ಬೆಂಕಿಗೂಡು, ಕೆಳಗಿನಿಂದ ಗಾಳಿ ಬರಲು ಕಬ್ಬಿಣದ ಜಾಲರಿ, ಹೊಗೆಗೆ ಕೊಳವೆ. ನಮ್ಮ ಬಚ್ಚಲೊಲೆಗೂ ಅದೇ ಕ್ರಮದಲ್ಲಿ ಜಾಲರಿ, ಹೊಗೆಕೊಳವೆ ಹಾಕಿಸಿದೆವು. ಸೌದೆ ಅರ್ಧಕ್ಕಿಂತ ಕಡಿಮೆಯಾಯಿತು. ಆದರೆ ಕೊಳವೆ ಗುಡಿಸುವ ಕೆಲಸ ಒಂದು ಹೆಚ್ಚಾಯಿತು. ಅತ್ತೆ ಅದನ್ನೂ ತಮ್ಮ ಪಟ್ಟಿಗೆ ಸೇರಿಸಿಕೊಂಡರು. ಮಳೆಗಾಲಕ್ಕೆ ಮೊದಲೊಮ್ಮೆ, ದೀಪಾವಳಿಗೆ ಒಮ್ಮೆ.

ಇಷ್ಟೆಲ್ಲ ತಿಳಿದಿದ್ದ ನಾನೇ ಅದನ್ನು ಬಿಟ್ಟೆ.

2006ರಲ್ಲಿ ಕೊಳವೆಬಾವಿ ತೋಡಿಸಿದೆವು. ಬಟನ್ ಒತ್ತಿದರೆ ಟ್ಯಾಂಕಿಗೆ ನೀರು. ಅದರ ಬೆನ್ನಿಗೆ ಒಳಗಿನ ಸ್ನಾನದ ಕೋಣೆಗೆ ಗೀಸರು ಬಂತು. ಹಂಡೆ ಅಟ್ಟ ಹತ್ತಿತು, ಬಚ್ಚಲು ಸಾಮಾನು ತುಂಬುವ ಕೋಣೆಯಾಯಿತು. ಕೆರೆಯ ನೀರು ತೋಟಕ್ಕೂ ಬೇಡವಾಯಿತು. ಅತ್ತೆ ಒಂದೆರಡು ವರ್ಷ ಒಬ್ಬರೇ ಆಳು ಕರೆಸಿ ಹೂಳು ತೆಗೆಸಿದರು. ಆಮೇಲೆ ಅವರಿಗೂ ಮಂಡಿನೋವು.

ಮಗ ಆಗ ಒಂಬತ್ತನೇ ತರಗತಿ. ಹಿಂದಿನ ಕಾಲದಲ್ಲಾಗಿದ್ದರೆ ಆ ಪ್ರಾಯಕ್ಕೆ ಮಕ್ಕಳು ಕೆರೆಯಲ್ಲಿ ಈಜು ಕಲಿತಾಗುತ್ತಿತ್ತು. ಇವರು ಕಲಿತದ್ದೂ ಹಾಗೆಯೇ. ಎರಡು ಒಣ ತೆಂಗಿನಕಾಯಿಗಳನ್ನು ಸಿಪ್ಪೆ ಸಮೇತ ಹಗ್ಗದಲ್ಲಿ ಕಟ್ಟಿ ಬೆನ್ನಿಗೆ ಬಿಗಿದು ನೀರಿಗೆ ಬಿಡುತ್ತಿದ್ದರಂತೆ. ವಾರ ಕಳೆದ ಹಾಗೆ ಒಂದು ಕಾಯಿ, ಆಮೇಲೆ ಖಾಲಿ ಬೆನ್ನು. ಮಗನಿಗೂ ಕಲಿಸಬೇಕೆಂದು ಪ್ರತಿ ರಜೆಯಲ್ಲಿ ಮಾತು ಬರುತ್ತಿತ್ತು. ಒಂದು ರಜೆಯಲ್ಲಿ ಟ್ಯೂಶನ್, ಇನ್ನೊಂದರಲ್ಲಿ ಕಂಪ್ಯೂಟರ್ ಕೋರ್ಸು. "ಎಸ್ಸೆಸ್ಸೆಲ್ಸಿ ಒಂದು ಮುಗಿಯಲಿ" ಎಂದೆವು. ಅದು ಮುಗಿಯಿತು. "ಪಿಯುಸಿ ಒಂದು ಮುಗಿಯಲಿ" ಎಂದೆವು.

2010ರಲ್ಲಿ ಅವನು ದ್ವಿತೀಯ ಪಿಯುಸಿ. ಪರೀಕ್ಷೆ, ಅದರ ಬೆನ್ನಿಗೆ ಸಿಇಟಿ. ಬಿಸು ಕಳೆದು ಕೆರೆ ತಳ ಹಿಡಿದಾಗ ಅತ್ತೆ ಒಂದು ಬೆಳಿಗ್ಗೆ, "ನಾಲ್ಕು ವರ್ಷದ ಹೂಳು ಕೂತಿದೆ. ಎರಡು ಆಳು ಸಿಕ್ಕಿದ್ದಾರೆ. ಇವನೂ ಎರಡು ದಿನ ಕೈ ಕೊಟ್ಟರೆ ಮುಗಿಯುತ್ತದೆ" ಎಂದರು.

ನಾನು ಹೇಳಿದ ಮಾತು ಈಗಲೂ ಕಿವಿಯಲ್ಲಿದೆ. "ಅತ್ತೆ, ಅವನಿಗೆ ಒಂದೊಂದು ಗಂಟೆಯೂ ಅಮೂಲ್ಯ. ಕೆಸರು ಹೊರುವುದಕ್ಕೆ ಜೀವಮಾನ ಇಡೀ ಉಂಟು. ಆಳುಗಳು ಬಂದರೂ ಗಲಾಟೆ, ಅವನಿಗೆ ಓದಲಿಕ್ಕಾಗುವುದಿಲ್ಲ. ಬರುವ ವರ್ಷ ನೋಡುವ."

ಅತ್ತೆ ಏನೂ ಹೇಳಲಿಲ್ಲ. ಆಳುಗಳಿಗೆ ಬರಬೇಡಿ ಎಂದು ಹೇಳಿಕಳುಹಿಸಿದರು.

ಆ ವರ್ಷದ ಆಟಿ ತಿಂಗಳು, ಅಂದರೆ ಜುಲೈ ಕೊನೆ. ಗಾಳಿ ಮಳೆಗೆ ಎಲ್ಲೋ ಮರ ಬಿದ್ದು ತಂತಿ ಕಡಿದು ಮೂರು ದಿನ ಕರೆಂಟಿಲ್ಲ. ಕರೆಂಟಿಲ್ಲದಿದ್ದರೆ ಪಂಪಿಲ್ಲ, ಪಂಪಿಲ್ಲದಿದ್ದರೆ ನೀರಿಲ್ಲ. ಹೊರಗೆ ಧಾರಾಕಾರ ಮಳೆ, ಒಳಗೆ ಪಾತ್ರೆ ತೊಳೆಯಲು ನೀರಿಲ್ಲದ ಸ್ಥಿತಿ. ಮೂರನೆಯ ದಿನ ಬೆಳಿಗ್ಗೆ ಮಳೆ ಸ್ವಲ್ಪ ಬಿಟ್ಟಾಗ ಮಗ, "ನಾನು ಕೆರೆಯಿಂದ ಎರಡು ಬಕೆಟು ತರುತ್ತೇನೆ" ಎಂದು ಹೊರಟ. ಎಂದೂ ಕೆಲಸ ಮಾಡದ ಹುಡುಗ ತಾನಾಗಿ ಹೊರಟನಲ್ಲ ಎಂದು ನನಗೆ ಸಂತೋಷವೇ ಆಯಿತು.

ಕೆರೆ ತುಂಬಿತ್ತು. ನಾಲ್ಕು ಮೆಟ್ಟಿಲು ಮಾತ್ರ ಕಾಣುತ್ತಿತ್ತು. ನಾಲ್ಕು ವರ್ಷ ಕೆರೆಯದ ಪಾಚಿ ಅದರ ಮೇಲೆ ಬೆಣ್ಣೆ ಬಳಿದ ಹಾಗೆ ಕೂತಿತ್ತು. ಮೂರನೆಯ ಮೆಟ್ಟಿಲಿನ ಸಂದಿಯಲ್ಲಿ ಅಶ್ವತ್ಥದ ಗಿಡವೊಂದು ಬೇರು ಬಿಟ್ಟು ಕಲ್ಲನ್ನೇ ಸಡಿಲಿಸಿತ್ತು. ಬಕೆಟು ಬಗ್ಗಿಸಿದ್ದೇ ಕಲ್ಲು ಅಲುಗಿತು, ಕಾಲು ಜಾರಿತು.

ಭೌತಶಾಸ್ತ್ರದಲ್ಲಿ ಅವನಿಗೆ ನೂರಕ್ಕೆ ತೊಂಬತ್ತರ ಮೇಲೆ ಅಂಕ ಬಂದಿತ್ತು. ಘರ್ಷಣೆ ಎಂದರೇನು ಎಂದು ಕೇಳಿದ್ದರೆ ತಪ್ಪಿಲ್ಲದೆ ಬರೆಯುತ್ತಿದ್ದ. ಈಜು ಬರುತ್ತಿರಲಿಲ್ಲ.

ನಾನು ಅಡಿಗೆಮನೆಯಲ್ಲಿದ್ದೆ. ಕೇಳಿಸಿದ್ದು ಕೂಗಲ್ಲ. ಮುಳುಗುವವರು ಸಿನೆಮಾದಲ್ಲಿ ಕೂಗುವ ಹಾಗೆ ಕೂಗುವುದಿಲ್ಲ ಎಂದು ನನಗೆ ಗೊತ್ತಾದದ್ದು ಆವತ್ತು. ಬಾಯಿ ನೀರಿನ ಮೇಲೆ ಬರುವ ಒಂದು ಕ್ಷಣ ಉಸಿರಿಗೇ ಸಾಲದು, ಕೂಗುವುದೆಲ್ಲಿಂದ? ಕೇಳಿಸಿದ್ದು ಬಕೆಟು ಕಲ್ಲಿಗೆ ಬಡಿದ ಸದ್ದು. ಓಡಿ ಹೋಗುವಾಗ ಜಗಲಿಯಲ್ಲಿದ್ದ ಅತ್ತೆ ನನಗಿಂತ ಮೊದಲು ಕೆರೆಯ ದಂಡೆ ಮುಟ್ಟಿದ್ದರು. ನಾನು ಸೀರೆ ಎತ್ತಿ ಕಟ್ಟಿ ನೀರಿಗೆ ಹಾರುವುದಕ್ಕೆ ಹೋದೆ. ನನಗೂ ಈಜು ಅಷ್ಟಕ್ಕಷ್ಟೆ.

"ನೀನು ಇಳೀಬೇಡ!" ಎಂದು ಅತ್ತೆ ಗದರಿದ ಸ್ವರ ಆ ಮನೆಯಲ್ಲಿ ನಾನು ಅದಕ್ಕೆ ಮೊದಲು ಕೇಳಿರಲಿಲ್ಲ, ಆಮೇಲೂ ಕೇಳಲಿಲ್ಲ.

ದಂಡೆಯ ಎರಡು ಕವಲು ಕಂಬಗಳ ಮೇಲೆ ಒಂದು ದೋಟಿ ಯಾವಾಗಲೂ ಅಡ್ಡ ಮಲಗಿರುತ್ತಿತ್ತು. ಅಡಿಕೆ ಮರ ಸೀಳಿ ಮಾಡಿದ ಹದಿನೈದು ಅಡಿ ಉದ್ದದ ಗಳು. ಕೆರೆಗೆ ಬಿದ್ದ ಸೋಗೆ, ತೆಂಗಿನಕಾಯಿ ಎಳೆಯಲು ಅದನ್ನು ಇಟ್ಟದ್ದು ಎಂದು ನಾನು ತಿಳಿದಿದ್ದೆ. ಹಳೆಯದು ಕುಂಬಾದರೆ ಅತ್ತೆ ಹೊಸದು ಮಾಡಿಸಿ ಇಡುತ್ತಿದ್ದರು. ಕೆರೆಯ ಕೆಲಸವೆಲ್ಲ ನಿಂತ ಮೇಲೂ ಅದೊಂದನ್ನು ನಿಲ್ಲಿಸಿರಲಿಲ್ಲ. ಆ ದೋಟಿಯನ್ನು ಎಳೆದು ಅವನ ಕೈಗೆ ತಾಗುವ ಹಾಗೆ ಚಾಚಿ, ತಾವು ನೆಲದಲ್ಲಿ ಕೂತು ಎರಡೂ ಕಾಲನ್ನು ಕಟ್ಟೆಯ ಕಲ್ಲಿಗೆ ಒತ್ತಿಹಿಡಿದರು. ಮಗ ಹಿಡಿದ. ನಾನು ಹಿಂದಿನಿಂದ ಅತ್ತೆಯ ಸೊಂಟ ಹಿಡಿದುಕೊಂಡೆ. ಇಬ್ಬರೂ ಸೇರಿ ಮೆಟ್ಟಿಲಿಗೆ ಎಳೆದೆವು. ಎಲ್ಲ ಸೇರಿ ಒಂದು ನಿಮಿಷವೂ ಆಗಿರಲಿಕ್ಕಿಲ್ಲ.

ಮಗನ ಮೊಣಕಾಲು ಮುರಕಲ್ಲಿಗೆ ತರಚಿ ರಕ್ತ ಸುರಿಯುತ್ತಿತ್ತು. ನಾಲ್ಕು ಹೊಲಿಗೆ ಬಿತ್ತು. ಅಷ್ಟರಲ್ಲೇ ಮುಗಿಯಿತು. ಮುಗಿಯದೆ ಇರಬಹುದಿತ್ತು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಜಗತ್ತಿನಲ್ಲಿ ಸುಮಾರು 3 ಲಕ್ಷ ಜನ ನೀರಿನಲ್ಲಿ ಮುಳುಗಿ ಸತ್ತರು. ಅದೇ ವರ್ಷ ವಿಶ್ವಸಂಸ್ಥೆ ಜುಲೈ 25ನ್ನು ಮುಳುಗಡೆ ತಡೆಯುವ ದಿನ ಎಂದು ಗೊತ್ತುಮಾಡಿತು. ಅವರು ಕಲಿಸುವುದೂ ಅತ್ತೆ ಮಾಡಿದ್ದೂ ಒಂದೇ: ಈಜು, ರಕ್ಷಣೆ ಎರಡೂ ಚೆನ್ನಾಗಿ ಬಾರದವರು ನೀರಿಗೆ ಹಾರಬೇಡಿ. ಕೋಲು ಚಾಚಿ, ಹಗ್ಗ ಎಸೆಯಿರಿ, ಖಾಲಿ ಕ್ಯಾನು ಎಸೆಯಿರಿ, ಜನ ಕರೆಯಿರಿ. ಒಬ್ಬನನ್ನು ಉಳಿಸಲು ಹೋಗಿ ಇಬ್ಬರು ಮೂವರು ಹೋದ ಸುದ್ದಿ ಪ್ರತಿ ಮಳೆಗಾಲ ಪತ್ರಿಕೆಯಲ್ಲಿ ಓದುತ್ತೇವೆ.

ಆ ರಾತ್ರಿ ಇವರು, "ಕೆರೆಗೆ ಮಣ್ಣು ಹಾಕಿ ಮುಚ್ಚಿಬಿಡುವ" ಎಂದರು. ನಾನೂ ಹೂಂ ಎಂದೆ. ಅತ್ತೆ ಊಟದ ಬಟ್ಟಲಿನಿಂದ ತಲೆ ಎತ್ತದೆ, "ಕೆರೆ ಏನು ತಪ್ಪು ಮಾಡಿತು?" ಎಂದು ಕೇಳಿದರು. ನಮ್ಮಿಬ್ಬರ ಹತ್ತಿರವೂ ಉತ್ತರ ಇರಲಿಲ್ಲ. ಮಗನನ್ನು ಕೆಲಸದಿಂದ ದೂರ ಇಟ್ಟರೆ ಅವನು ಸುರಕ್ಷಿತ ಎಂದುಕೊಂಡಿದ್ದೆ. ಒಂದು ವರ್ಷ ಅವನು ಆ ಮೆಟ್ಟಿಲಿನ ಪಾಚಿಯನ್ನು ತನ್ನ ಕೈಯಲ್ಲಿ ಕೆರೆದಿದ್ದರೆ ಮೂರನೆಯ ಕಲ್ಲು ಅಲುಗುತ್ತದೆ ಎಂದು ಅವನ ಕಾಲಿಗೆ ಗೊತ್ತಿರುತ್ತಿತ್ತು.

ಮುಂದಿನ ವರ್ಷ, 2011ರ ಬಿಸು ಕಳೆದ ಮೇಲೆ ಕೆರೆಗೆ ಇಳಿದೆವು. ಮಗ ಕಾಲೇಜಿನಿಂದ ರಜೆ ಹಾಕಿ ಬಂದಿದ್ದ. ನಿಮ್ಮ ಮನೆಯಲ್ಲೂ ಕೆರೆಯೋ ತೆರೆದ ಬಾವಿಯೋ ಇರಬಹುದು ಎಂದು ಕ್ರಮವನ್ನು ಹೇಳುತ್ತೇನೆ. ಮೊದಲು ಪಂಪಿನಿಂದ ನೀರು ಇಳಿಸುವುದು. ಮುಗುಡು ಮತ್ತಿತರ ಮೀನುಗಳನ್ನು ಹಿಡಿದು ತೊಟ್ಟಿಗೆ ಹಾಕಿಡುವುದು. ಅವು ಸೊಳ್ಳೆಯ ಮರಿಗಳನ್ನು ತಿನ್ನುವುದರಿಂದ ಕೆರೆಗೆ ವಾಪಸು ಬೇಕು. ಆಮೇಲೆ ಬುಟ್ಟಿ ಬುಟ್ಟಿ ಹೂಳು ತೆಗೆದು ಅಡಿಕೆ, ತೆಂಗಿನ ಬುಡಕ್ಕೆ ಹಾಕುವುದು. ಕೊಳೆತ ಎಲೆಯ ಆ ಕಪ್ಪು ಕೆಸರಿಗೆ ಸಮನಾದ ಗೊಬ್ಬರ ಇಲ್ಲ. ಒರತೆಯ ಬಾಯಿಗಳ ಹತ್ತಿರ ಹಾರೆ ಹಾಕದೆ ಕೈಯಲ್ಲೇ ಬಿಡಿಸಬೇಕು. ಆಳ ಮಾಡುವ ಆಸೆಗೆ ಬಿದ್ದು ಮುರಕಲ್ಲಿನ ಅಡಿಯ ಮೆತ್ತನೆ ಶೇಡಿ ಮಣ್ಣಿಗೆ ಕೈ ಹಾಕಬಾರದು, ಅದು ಜರಿದರೆ ಮೇಲಿನ ಕಲ್ಲೂ ಕೂರುತ್ತದೆ. ಕಲ್ಲಿನ ಸಂದಿಯ ಗಿಡಗಳನ್ನು ಬೇರು ಸಮೇತ ತೆಗೆಯಬೇಕು. ಮೇಲಿಂದ ಕತ್ತರಿಸಿದರೆ ಮಳೆಗೆ ಎರಡು ಪಟ್ಟು ಚಿಗುರುತ್ತವೆ. ಕೊನೆಗೆ ಮೆಟ್ಟಿಲುಗಳನ್ನು ತೆಂಗಿನ ಸಿಪ್ಪೆಯಲ್ಲಿ ತಿಕ್ಕಿ ಸುಣ್ಣದ ನೀರು ಬಳಿಯುವುದು. ನಾವು ಸುತ್ತ ಮೂರಡಿ ಕಟ್ಟೆ ಎತ್ತಿಸಿ ಗೇಟೂ ಇಟ್ಟೆವು. ಆ ಮೇ ತಿಂಗಳಲ್ಲಿ ಹೊಸ ನೀರು ಎದೆಮಟ್ಟ ಬಂದಾಗ ಮಗ ಹದಿನೆಂಟನೇ ವಯಸ್ಸಿನಲ್ಲಿ ಬೆನ್ನಿಗೆ ತೆಂಗಿನಕಾಯಿ ಕಟ್ಟಿಕೊಂಡು ಈಜು ಕಲಿತ. ನೆರೆಮನೆಯ ಸಣ್ಣ ಮಕ್ಕಳು ದಂಡೆಯಲ್ಲಿ ನಿಂತು ನಗುತ್ತಿದ್ದರು. ಅವನೂ ನಗುತ್ತಿದ್ದ.

ಹಂಡೆಯೂ ಆ ದೀಪಾವಳಿಗೆ ಅಟ್ಟದಿಂದ ಇಳಿಯಿತು. ಅಂದಿನಿಂದ ನಿಂತಿಲ್ಲ.

ಕೆರೆ ಸಾಲ ಇಟ್ಟುಕೊಳ್ಳುವುದಿಲ್ಲ. ನಮ್ಮ ಜಿಲ್ಲೆಗೆ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ. ಒಂದು ಚದರ ಮೀಟರಿಗೆ ಒಂದು ಮಿಲಿಮೀಟರ್ ಮಳೆ ಎಂದರೆ ಒಂದು ಲೀಟರ್ ನೀರು. 100 ಚದರ ಮೀಟರಿನ ಮಾಡಿಗೆ ಬೀಳುವ ನೀರು ಎಷ್ಟು, ಗುಣಿಸಿ ನೋಡಿ: 4 ಲಕ್ಷ ಲೀಟರ್. ಇಷ್ಟು ಮಳೆಯ ಜಿಲ್ಲೆಯಲ್ಲಿ 2019ರ ಬೇಸಗೆಯಲ್ಲಿ ತುಂಬೆ ಅಣೆಕಟ್ಟಿನ ನೀರು ಇಳಿದು ಮಂಗಳೂರು ಪೇಟೆಗೆ ಪಾಳಿಯ ಮೇಲೆ ನೀರು ಬಿಡಬೇಕಾಯಿತು. ಆ ಮೇ ತಿಂಗಳಲ್ಲಿ ನಮ್ಮ ಕೊಳವೆಬಾವಿ ಗಾಳಿ ಉಗುಳಿತು. ಕೆರೆಯಲ್ಲಿ ಸೊಂಟದ ಮಟ್ಟದ ನೀರಿತ್ತು. ಎರಡು ಮನೆಯವರು ಅದರಲ್ಲಿ ಬದುಕಿದೆವು.

ಈಗ ಇನ್ನೊಂದು ಕಾರಣವೂ ಸೇರಿದೆ. ಪಕ್ಕದ ಕೇರಳದಲ್ಲಿ 2024, 2025ರಲ್ಲಿ ಮೆದುಳಿಗೆ ತಗಲುವ ಅಮೀಬಾ ಸೋಂಕಿನ ಸುದ್ದಿ ನೀವೂ ಓದಿರಬೇಕು. ಬೆಚ್ಚಗಿನ, ನಿಂತ, ಕೆಸರು ತುಂಬಿದ ಸಿಹಿನೀರಿನಲ್ಲಿ ಬೆಳೆಯುವ ಜೀವಿ ಅದು. ಕುಡಿದರೆ ಬರುವುದಿಲ್ಲ, ಮೂಗಿನ ಮೂಲಕ ಒಳಹೋಗುತ್ತದೆ. ಅಪರೂಪದ ರೋಗ, ಆದರೆ ಬಂದರೆ ಉಳಿಯುವುದು ಕಷ್ಟ. ಹಾಗಾಗಿ ಬೇಸಗೆಯಲ್ಲಿ ತಳ ಹಿಡಿದ ಕೊಳಕು ನೀರಿಗೆ ಮಕ್ಕಳನ್ನು ಇಳಿಸಬೇಡಿ, ಮೂಗಿಗೆ ನೀರು ಹೋಗುವ ಹಾಗೆ ಮುಳುಗು ಹಾಕಲು ಬಿಡಬೇಡಿ. ಕುಡಿಯುವ ನೀರಿನ ತೆರೆದ ಬಾವಿಗೆ ಮಳೆಗಾಲದಲ್ಲಿ ಬ್ಲೀಚಿಂಗ್ ಪೌಡರ್ ಹಾಕುವ ಲೆಕ್ಕವೂ ಸುಲಭ: 1,000 ಲೀಟರಿಗೆ ಎರಡೂವರೆ ಗ್ರಾಂ. ಬಾವಿ 2 ಮೀಟರ್ ಅಗಲ, ನೀರು 3 ಮೀಟರ್ ಆಳ ಇದ್ದರೆ ಸುಮಾರು 9,400 ಲೀಟರ್. ಅದಕ್ಕೆ 24 ಗ್ರಾಂ ಸಾಕು. ಬಕೆಟಿನಲ್ಲಿ ಕದಡಿ, ಸುಣ್ಣದ ಗಸಿ ಕೂರಿಸಿ, ಮೇಲಿನ ತಿಳಿಯನ್ನು ಮಾತ್ರ ಬಾವಿಗೆ ಇಳಿಸಿ, ಒಂದು ಗಂಟೆ ಕಾದು ಬಳಸಬೇಕು. ವೃತ್ತದ ವಿಸ್ತೀರ್ಣ ಯಾಕೆ ಕಲಿಯಬೇಕು ಟೀಚರ್ ಎಂದು ಕೇಳುತ್ತಿದ್ದ ಮಕ್ಕಳಿಗೆ ಈ ಲೆಕ್ಕವನ್ನೇ ನಾನು ಕೊಡುತ್ತಿದ್ದೆ.

ಬೆಂಕಿಯ ವಿಷಯದಲ್ಲಿ ಒಂದೇ ಮಾತು. ಹಳೆಯ ಬಚ್ಚಲಿಗೆ ಹಂಚಿನ ಮಾಡು, ಸಂದಿಯಲ್ಲಿ ಹೊಗೆ ಹೋಗುತ್ತಿತ್ತು. ಈಗಿನ ಸ್ನಾನದ ಕೋಣೆಗೆ ಸಂದಿಯೇ ಇಲ್ಲ. ಅಂಥ ಕೋಣೆಯೊಳಗೆ ಗ್ಯಾಸ್ ಗೀಸರು ಹೊತ್ತಿಸಿ ಬಾಗಿಲು ಹಾಕಿಕೊಂಡರೆ ಕಾರ್ಬನ್ ಮೊನಾಕ್ಸೈಡ್ ತುಂಬಿಕೊಳ್ಳಬಹುದು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಕೆಮ್ಮು ಕೂಡ ಬರುವುದಿಲ್ಲ. ಸೌದೆಯ ಹೊಗೆಯಾದರೂ ಕಣ್ಣು ಉರಿಸಿ ಎಚ್ಚರಿಸುತ್ತದೆ. ಗ್ಯಾಸ್ ಗೀಸರು ಹೊರಗೋಡೆಗಿರಲಿ, ಕೋಣೆಯ ಗವಾಕ್ಷಿ ತೆರೆದಿರಲಿ. ಅದನ್ನು ಚಳಿಗಾಲಕ್ಕೆ ಮೊದಲೊಮ್ಮೆ ನೋಡುವ ಕೆಲಸವನ್ನು ಮನೆಯ ಮಕ್ಕಳಿಗೇ ಒಪ್ಪಿಸಿ.

ಹೆತ್ತವರೇ, ನಾನು ನಿಮ್ಮ ಸಾಲಿನವಳೇ. ಪರೀಕ್ಷೆ ದೊಡ್ಡದಲ್ಲ ಎಂದು ನಾನು ಹೇಳುವುದಿಲ್ಲ, ಟೀಚರಾಗಿ ಹೇಳುವಂತೆಯೂ ಇಲ್ಲ. ಆದರೆ ವರ್ಷದಲ್ಲಿ ನಾಲ್ಕೈದು ದಿನ ಮನೆಯ ನೀರು, ಬೆಂಕಿಯ ಕೆಲಸಕ್ಕೆ ಮಕ್ಕಳ ಕೈ ತಾಗಿದರೆ ಯಾವ ಅಂಕವೂ ಕಡಿಮೆಯಾಗುವುದಿಲ್ಲ. ಫ್ಲ್ಯಾಟಿನಲ್ಲಿದ್ದರೆ ನೀರಿನ ಟ್ಯಾಂಕು ಉಂಟು, ಗೀಸರು ಉಂಟು, ಗ್ಯಾಸಿನ ರಬ್ಬರ್ ಕೊಳವೆ ಉಂಟು. ವಿದ್ಯಾರ್ಥಿಗಳೇ, ನಿಮ್ಮ ಮನೆಯ ನೀರು ಎಲ್ಲಿಂದ ಬರುತ್ತದೆ, ಬೆಂಕಿಯ ಹೊಗೆ ಎಲ್ಲಿಗೆ ಹೋಗುತ್ತದೆ ಎಂದು ಈ ಭಾನುವಾರವೇ ಒಮ್ಮೆ ಹುಡುಕಿ ನೋಡಿ. ಪಠ್ಯಪುಸ್ತಕ ಅರ್ಥವಾಗುವುದಕ್ಕೂ ಅದರಿಂದ ಉಪಕಾರ ಉಂಟು.

ಅತ್ತೆ 2017ರಲ್ಲಿ ಹೋದರು. ಅದರ ಹಿಂದಿನ ಬೇಸಗೆಯಲ್ಲೂ ದಂಡೆಯಲ್ಲಿ ಕುರ್ಚಿ ಹಾಕಿಸಿಕೊಂಡು ಕೂತು ಹೂಳಿನ ಬುಟ್ಟಿ ಎಣಿಸಿದ್ದರು.

ಮಗ ಈಗ ಬೆಂಗಳೂರಿನಲ್ಲಿ ಇಂಜಿನಿಯರು. ಅವನಿರುವ ವಸತಿ ಸಮುಚ್ಚಯದಲ್ಲಿ ಈಜುಕೊಳ ಇದೆ. 2024ರ ಮಾರ್ಚ್ ತಿಂಗಳಲ್ಲಿ ಬೆಂಗಳೂರಿಗೆ ನೀರಿನ ಬರ ಬಂದು, ಕುಡಿಯುವ ನೀರನ್ನು ಈಜುಕೊಳಕ್ಕೆ ತುಂಬಬಾರದೆಂದು ಜಲಮಂಡಳಿ ಆದೇಶ ಮಾಡಿದಾಗ ಅವರ ಕೊಳವೂ ಒಣಗಿತು. ಮಳೆ ಬಂದ ಮೇಲೆ ಮತ್ತೆ ತುಂಬಿಸಿದರಂತೆ. ತುಂಬಿಸಿದ ದಿನ ಅವನು ಮಗಳನ್ನು ಕರೆದುಕೊಂಡು ನೋಡಲು ಹೋದ. ಚಂದದ ನೀಲಿ ಹಂಚು, ಸ್ವಚ್ಛ ನೀರು, ಸುತ್ತ ಆರಾಮ ಕುರ್ಚಿಗಳು. ಅವನು ಸುತ್ತ ಒಮ್ಮೆ ನೋಡಿ ಮೇಲ್ವಿಚಾರಕನನ್ನು ಕೇಳಿದನಂತೆ, "ದೋಟಿ ಎಲ್ಲಿ?"

ಆ ಮನುಷ್ಯನಿಗೆ ಅರ್ಥವಾಗಲಿಲ್ಲ. ಮಗ ವಿವರಿಸಿ ಹೇಳಿದ. ಮುಂದಿನ ವಾರ ಹೋಗಿ ನೋಡುವಾಗ ಗೋಡೆಗೆ ಎರಡು ಕೊಕ್ಕೆ ಹೊಡೆದು ಒಂದು ಉದ್ದದ ಕೋಲು ತೂಗುಹಾಕಿದ್ದರು. ಫೋನಿನಲ್ಲಿ ಇದನ್ನು ಹೇಳಿ, "ಬಿಸು ಕಳೆದ ಎರಡನೆಯ ಶನಿವಾರ ಬರುತ್ತೇನೆ ಅಮ್ಮ, ಆಳುಗಳಿಗೆ ಹೇಳಿಡು" ಎಂದ. ಮಗಳನ್ನೂ ಕರೆತರುತ್ತಾನಂತೆ. ಅವಳಿಗೊಂದು ಸಣ್ಣ ಬುಟ್ಟಿ ನೇಯಿಸಿ ಇಟ್ಟಿದ್ದೇನೆ.